ಪ್ರಾಗ್‌ನ ಗಡಿಯಾರದ ಮುಂದೆ ಅಪ್ಪ

ಪ್ರಾಗ್‌ಗೆ ಹೋಗಿ ಬಂದೆವು ಅಂದ ಕೂಡಲೇ ಇಲ್ಲಿನ ಗೆಳೆಯರು ಕೇಳಿದ ಮೊದಲ ಪ್ರಶ್ನೆ, ‘ಕೋಟೆ ನೋಡಿದ್ರಾ?’ ಇಲ್ಲ, ನೋಡಲಿಲ್ಲ. ಚಾರ್ಲ್ಸ್ ಸೇತುವೆಯ ಮೇಲೆ ಸಂಜೆ ಒಂದರ್ಧ ಗಂಟೆ ಓಡಾಡಿದೆವು, ಅಷ್ಟೇ. ಆ ಊರಲ್ಲಿ ನಮಗೆ ಸಿಕ್ಕಿದ್ದು ಸುಮಾರು ಒಂಬತ್ತು ಗಂಟೆ. ಅದರಲ್ಲಿ ಹೆಚ್ಚೂಕಡಿಮೆ ಮೂರು ಗಂಟೆ ನಾನು ಮತ್ತು ಅಪ್ಪ ಒಂದೇ ಗಡಿಯಾರದ ಮುಂದೆ ಕಳೆದೆವು.

ನಾವಿರುವುದು ಜರ್ಮನಿಯ ನ್ಯೂರೆಂಬರ್ಗ್ ಹತ್ತಿರ. 2024ರ ಬೇಸಿಗೆಯಲ್ಲಿ ಅಪ್ಪ ಅಮ್ಮ ಮೊದಲ ಸಲ ನಮ್ಮ ಮನೆಗೆ ಬಂದಿದ್ದರು. ಅಪ್ಪ ತಿಪಟೂರಿನವರು. ಮೂವತ್ತೈದು ವರ್ಷ ವಾಚ್ ರಿಪೇರಿ ಮಾಡಿದವರು. ಒಬ್ಬರು ಕೂತರೆ ಇನ್ನೊಬ್ಬರು ಹೊರಗೆ ನಿಂತುಕೊಳ್ಳಬೇಕಾದಷ್ಟು ಚಿಕ್ಕ ಅಂಗಡಿ. ಮುಂದೆ ಗಾಜಿನ ಪೆಟ್ಟಿಗೆ, ಅದರೊಳಗೆ ಹೆಸರು ಬರೆದ ಚೀಟಿ ಕಟ್ಟಿಸಿಕೊಂಡು ಮಲಗಿದ ವಾಚುಗಳು. ಅವುಗಳಲ್ಲಿ ಮುಕ್ಕಾಲು ಪಾಲು ಎಚ್‌ಎಂಟಿಯವು. ಶಾಲೆ ಬಿಟ್ಟು ಬಂದಾಗ ಅಂಗಡಿಯಲ್ಲಿ ಪೆಟ್ರೋಲಿನ ವಾಸನೆ ಇರುತ್ತಿತ್ತು. ಬಿಚ್ಚಿದ ಬಿಡಿಭಾಗಗಳನ್ನು ಅಪ್ಪ ಪುಟ್ಟ ಬಟ್ಟಲಿನಲ್ಲಿ ಪೆಟ್ರೋಲ್ ಹಾಕಿ ತೊಳೆಯುತ್ತಿದ್ದರು. ಆಮೇಲೆ ಸೂಜಿಯಂಥ ಕಡ್ಡಿಯ ತುದಿಯಲ್ಲಿ ಎಣ್ಣೆ ಅದ್ದಿ ಒಂದೊಂದು ಜಾಗಕ್ಕೂ ಮುಟ್ಟಿಸುತ್ತಿದ್ದರು. ‘ಎಣ್ಣೆ ಜಾಸ್ತಿ ಆದರೂ ವಾಚು ನಿಲ್ಲುತ್ತೆ, ಕಮ್ಮಿ ಆದರೂ ನಿಲ್ಲುತ್ತೆ’ ಅನ್ನೋರು. ಜನರ ಕೈಗೆ ಮೊಬೈಲ್ ಬಂತು, ವಾಚು ಕಟ್ಟುವವರು ಕಮ್ಮಿಯಾದರು. ಕಟ್ಟುವವರೂ ಕೆಟ್ಟರೆ ಹೊಸದು ಕೊಂಡರು. ಒಂದು ದಿನ ಅಪ್ಪ ಅಂಗಡಿಯ ಬಾಗಿಲು ಎಳೆದು ಮನೆಗೆ ಬಂದರು. ಆ ಬಗ್ಗೆ ಯಾವತ್ತೂ ಜಾಸ್ತಿ ಮಾತಾಡಿದವರಲ್ಲ.

ಪ್ರಾಗ್ ನಮ್ಮ ಮನೆಯಿಂದ ಸುಮಾರು 300 ಕಿಲೋಮೀಟರ್. ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಹೋಗಿ ಇನ್ನೊಂದಿಷ್ಟು ದೂರ ಹೋದ ಹಾಗೆ. ಆದರೆ ಮಧ್ಯೆ ದೇಶ, ಭಾಷೆ, ದುಡ್ಡು ಮೂರೂ ಬದಲಾಗುತ್ತವೆ. ಜೂನ್ 8, ಶನಿವಾರ ಬೆಳಗ್ಗೆ ಆರೂಮುಕ್ಕಾಲಿಗೆ ಹೊರಟೆವು. ಒಂಬತ್ತಕ್ಕೆ ರಾಹುಕಾಲ ಅಂತ ಅಪ್ಪ ಹಿಂದಿನ ರಾತ್ರಿಯೇ ಹೇಳಿದ್ದರು. ಸೂಟ್‌ಕೇಸಿನಲ್ಲಿ ಮಾತ್ರೆಗಳ ಜೊತೆ ಕ್ರೋಧಿ ಸಂವತ್ಸರದ ಒಂಟಿಕೊಪ್ಪಲ್ ಪಂಚಾಂಗವೂ ಬಂದಿತ್ತು. ಅಮ್ಮ ಪುಳಿಯೋಗರೆ ಕಟ್ಟಿಕೊಂಡಿದ್ದರು. ಗಾಡಿ ಓಡಿಸಿದ್ದು ನಾನು. ಪಕ್ಕದಲ್ಲಿ ಅಪ್ಪ, ಹಿಂದೆ ನನ್ನ ಗಂಡ, ಅಮ್ಮ, ಅವರ ನಡುವೆ ಏಳು ವರ್ಷದ ಮಗ.

ಜರ್ಮನಿಯಲ್ಲಿ ಕಾರಿಗೆ ಹೆದ್ದಾರಿ ಟೋಲ್ ಇಲ್ಲ. ಗಡಿ ದಾಟಿದ ಮೇಲೆ ಬೇಕು. ಜೆಕ್ ದೇಶದಲ್ಲಿ ಮುಂಚೆ ಗಾಜಿಗೆ ಅಂಟಿಸುವ ಚೀಟಿ ಇತ್ತು. 2021ರಿಂದ ಆನ್‌ಲೈನ್‌ನಲ್ಲಿ ಗಾಡಿ ನಂಬರ್ ಹಾಕಿ ದುಡ್ಡು ಕಟ್ಟಿದರೆ ಆಯ್ತು, ಕ್ಯಾಮೆರಾ ನೋಡಿಕೊಳ್ಳುತ್ತದೆ. ನಾವು ಹೋದ ವರ್ಷದಿಂದ ಒಂದೇ ದಿನದ ಪರವಾನಗಿಯೂ ಸಿಗುತ್ತಿದೆ. ನಮ್ಮಂಥವರಿಗೆ ಅನುಕೂಲವಾಯಿತು.

ಜರ್ಮನಿ ಕಡೆಯ ವೈಡ್‌ಹೌಸ್ ದಾಟಿದರೆ ಜೆಕ್ ಕಡೆಯ ರೊಜ್ವಾಡೊವ್. ಗಡಿ ಬಂದದ್ದೇ ತಿಳಿಯಲಿಲ್ಲ. ಬೋರ್ಡಿನ ಅಕ್ಷರಗಳ ತಲೆ ಮೇಲೆ ಕೊಂಬು, ಟೋಪಿ ಕಾಣಿಸಿದಾಗ ಗೊತ್ತಾಯಿತು. ಇದೇ ಜಾಗದ ಹತ್ತಿರ 1989ರ ಡಿಸೆಂಬರ್ 23ರಂದು ಆಗಿನ ಪಶ್ಚಿಮ ಜರ್ಮನಿ ಮತ್ತು ಜೆಕೊಸ್ಲೊವಾಕಿಯಾದ ವಿದೇಶಾಂಗ ಮಂತ್ರಿಗಳು ಒಟ್ಟಿಗೆ ನಿಂತು ಗಡಿಯ ಮುಳ್ಳುತಂತಿ ಕತ್ತರಿಸಿದ್ದರು. ಅಪ್ಪನಿಗೆ ಹೇಳಿದೆ. ಅವರು ತಿರುಗಿ ಹಿಂದಿನ ಗಾಜಿನಲ್ಲಿ ನೋಡಿದರು. ನೋಡಲು ಅಲ್ಲಿ ಪೈನ್ ಮರಗಳು ಬಿಟ್ಟರೆ ಏನೂ ಇರಲಿಲ್ಲ.

ಹೊಸದಾಗಿ ಕಾರಿನಲ್ಲಿ ಹೋಗುವವರಿಗೆ ಒಂದು ಮಾತು. ಪ್ರಾಗ್‌ನ ಹಳೇ ಪೇಟೆಯೊಳಗೆ ಕಾರು ಒಯ್ಯಬೇಡಿ. ರಸ್ತೆ ಬದಿಯಲ್ಲಿ ನೀಲಿ ಗೆರೆ ಕಂಡರೆ ಅದು ಅಲ್ಲಿ ವಾಸ ಇರುವವರ ಜಾಗ. ಊರಿನ ಅಂಚಿನಲ್ಲೇ, ಪಶ್ಚಿಮದಿಂದ ಬರುವವರಿಗೆ ಝ್ಲಿಚಿನ್‌ನಲ್ಲಿ, ಗಾಡಿ ಬಿಟ್ಟು ಮೆಟ್ರೋ ಹತ್ತುವ ವ್ಯವಸ್ಥೆ ಇದೆ. ಹಳದಿ ಬಣ್ಣದ ಬಿ ಲೈನ್ ಅಲ್ಲಿಂದಲೇ ಶುರು. ಟಿಕೆಟ್ಟಿಗೆ ಮರೆಯದೆ ಮುದ್ರೆ ಹಾಕಿಸಿಕೊಳ್ಳಿ. ಮೂಸ್ಟೆಕ್ ಅನ್ನುವ ಸ್ಟೇಷನ್ನಿಗೆ ಅರ್ಧ ಗಂಟೆಯೂ ಬೇಕಾಗುವುದಿಲ್ಲ. ಅಲ್ಲಿಂದ ಹಳೇ ಪೇಟೆಯ ಚೌಕಕ್ಕೆ ನಡೆದೇ ಹೋಗಬಹುದು.

ಚೌಕ ತಲುಪಿದಾಗ ಹನ್ನೊಂದು ದಾಟಿತ್ತು. ಹಳೇ ಪುರಭವನದ ಗೋಡೆಯಲ್ಲಿ ಆ ಗಡಿಯಾರ. ಅಲ್ಲಿನವರು ಓರ್ಲೊಯ್ ಅನ್ನುತ್ತಾರೆ. 1410ರದ್ದು. ಗಂಟೆಗೊಮ್ಮೆ ಮೇಲಿನ ಎರಡು ಕಿಟಕಿ ತೆರೆದು ಏಸುವಿನ ಹನ್ನೆರಡು ಶಿಷ್ಯರ ಗೊಂಬೆಗಳು ಬಂದು ಹೋಗುತ್ತವೆ. ಪಕ್ಕದಲ್ಲಿ ನಿಂತ ಅಸ್ಥಿಪಂಜರ ಗಂಟೆ ಎಳೆಯುತ್ತದೆ, ಕೊನೆಗೆ ಚಿನ್ನದ ಹುಂಜ ಕೂಗುತ್ತದೆ. ಅದನ್ನು ನೋಡಲು ನೂರಾರು ಜನ ಕತ್ತೆತ್ತಿ ನಿಂತಿದ್ದರು. ಹನ್ನೆರಡು ಹೊಡೆಯಿತು. ಎಲ್ಲರ ಕೈಯೂ ಮೊಬೈಲಿನ ಜೊತೆ ಮೇಲೆದ್ದಿತು. ಒಂದು ನಿಮಿಷದೊಳಗೆ ಕಿಟಕಿ ಮುಚ್ಚಿತು. ‘ಇಷ್ಟೇನಾ?’ ಅಂತ ಮಗ ಕೇಳಿದ. ಅವನ ವಯಸ್ಸಿಗೆ ಅದು ನ್ಯಾಯವಾದ ಪ್ರಶ್ನೆ. ಜನ ಕರಗಿದರು. ಅಮ್ಮ, ಗಂಡ, ಮಗ ನದಿ ಕಡೆ ಹೊರಟರು.

ಅಪ್ಪ ಮಾತ್ರ ಅಲ್ಲಾಡಲಿಲ್ಲ. ಅವರು ಗೊಂಬೆಗಳನ್ನು ನೋಡಿಯೇ ಇರಲಿಲ್ಲ. ಕೆಳಗಿನ ದೊಡ್ಡ ಮುಖದ ಮೇಲೆಯೇ ಕಣ್ಣು.

‘ಪುಟ್ಟಿ, ಇದು ಬರೀ ಗಡಿಯಾರ ಅಲ್ಲ ಕಣೆ. ಇದು ಪಂಚಾಂಗ.’

ನಾನು ಅದುವರೆಗೆ ಆ ಮುಖವನ್ನು ಒಂದು ಚಂದದ ಚಿತ್ರದ ಹಾಗೆ ನೋಡಿದ್ದೆ. ನೀಲಿ, ಕೆಂಪು, ಕಪ್ಪು ಬಣ್ಣ, ಬಳೆಯೊಳಗೆ ಬಳೆ, ಎಲ್ಲಿ ನೋಡಿದರೂ ಚಿನ್ನದ ಗೆರೆ. ಅಪ್ಪ ಅದನ್ನು ಬಿಡಿಸತೊಡಗಿದರು. ಎದುರಿನ ಕಟ್ಟಡದ ನೆರಳಿಗೆ ಹೋಗಿ ನಿಂತೆವು. ಗೊತ್ತಾಗದ ಕಡೆ ನಾನು ಮೊಬೈಲಿನಲ್ಲಿ ಓದಿ ಹೇಳಿದೆ. ಉಳಿದದ್ದೆಲ್ಲ ಅವರದೇ.

ಮಧ್ಯದಲ್ಲಿ ಭೂಮಿ. ಒಂದು ಕೋಲಿನ ಮೇಲೆ ಚಿನ್ನದ ಸೂರ್ಯ. ಇನ್ನೊಂದರ ಮೇಲೆ ಚಂದ್ರನ ಗುಂಡು, ಅರ್ಧ ಬೆಳ್ಳಿ, ಅರ್ಧ ಕಪ್ಪು. ಇವುಗಳ ಹಿಂದೆ ಹನ್ನೆರಡು ರಾಶಿಗಳ ಬಳೆ, ನಡುಮಧ್ಯಕ್ಕಿಲ್ಲದೆ ಒಂದು ಬದಿಗೆ ಸರಿದು ತಿರುಗುತ್ತದೆ. ಸೂರ್ಯ ಆ ಬಳೆಯನ್ನು ಎಲ್ಲಿ ದಾಟುತ್ತಾನೋ ಅದು ಅವನಿರುವ ರಾಶಿ. ಹಿಂದಿನ ನೀಲಿ ಹಗಲು, ಕೆಂಪು ಸಂಜೆ ಮುಂಜಾವು, ಕಪ್ಪು ರಾತ್ರಿ.

‘ಚಂದ್ರನ್ನ ನೋಡು’ ಅಂದರು. ಗುಂಡು ಹೆಚ್ಚೂಕಡಿಮೆ ಪೂರ್ತಿ ಕಪ್ಪಾಗಿತ್ತು. ಅಂಚಿನಲ್ಲಿ ಉಗುರು ಕತ್ತರಿಸಿದಷ್ಟು ಬೆಳ್ಳಿ. ಚಂದ್ರನ ಕೋಲು ಸೂರ್ಯನ ಕೋಲಿಗೆ ಹತ್ತಿರದಲ್ಲೇ ಇತ್ತು. ‘ಮೊನ್ನೆ ಗುರುವಾರ ಅಮಾವಾಸ್ಯೆ ಆಯ್ತಲ್ಲ. ಇವತ್ತು ಬಿದಿಗೆ.’ ಅಷ್ಟು ಹೊತ್ತಿನಿಂದ ಜನ ನೋಡಿ ಹೋದ ಗಡಿಯಾರದಲ್ಲಿ ಬಿದಿಗೆ ಚಂದ್ರ ಇದ್ದ. ನಮ್ಮ ಅಡುಗೆಮನೆಯ ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನಲ್ಲೂ ಆ ದಿನ ಅದೇ ಇತ್ತು.

ಆದರೆ ಸೂರ್ಯನ ವಿಷಯಕ್ಕೆ ಬಂದಾಗ ಅಪ್ಪ ಹುಬ್ಬು ಗಂಟಿಕ್ಕಿದರು. ‘ಇವರು ಮಿಥುನದಲ್ಲಿ ತೋರಿಸ್ತಿದ್ದಾರೆ. ನಮ್ಮ ಪಂಚಾಂಗದಲ್ಲಿ ಸೂರ್ಯ ಇನ್ನೂ ವೃಷಭದಲ್ಲೇ ಇದ್ದಾನೆ. ಮಿಥುನ ಸಂಕ್ರಮಣಕ್ಕೆ ಇನ್ನೂ ಒಂದು ವಾರ ಇದೆ.’ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವೇ ಉತ್ತರ ಹೇಳಿಕೊಂಡರು. ‘ಅಯನಾಂಶ.’

ಇದು ನನಗೆ ಅರೆಬರೆ ಗೊತ್ತಿದ್ದ ವಿಷಯ. ಯುರೋಪಿನವರು ರಾಶಿ ಎಣಿಸುವುದು ವಸಂತದಲ್ಲಿ ಹಗಲು ರಾತ್ರಿ ಸಮ ಆಗುವ ಬಿಂದುವಿನಿಂದ. ನಾವು ಎಣಿಸುವುದು ನಕ್ಷತ್ರಗಳನ್ನು ಹಿಡಿದು. ಭೂಮಿಯ ಅಚ್ಚು ಬುಗುರಿಯ ಹಾಗೆ ನಿಧಾನಕ್ಕೆ ಓಲಾಡುವುದರಿಂದ ಆ ಬಿಂದು ಸುಮಾರು 72 ವರ್ಷಕ್ಕೆ ಒಂದು ಡಿಗ್ರಿ ಹಿಂದೆ ಸರಿಯುತ್ತದೆ. ಎರಡು ಲೆಕ್ಕಗಳ ನಡುವೆ ಈಗ ಸುಮಾರು 24 ಡಿಗ್ರಿ ಅಂತರ. ಅದಕ್ಕೇ ಈ ಗಡಿಯಾರದಲ್ಲಿ ಸೂರ್ಯ ಮಕರಕ್ಕೆ ಹೋಗುವುದು ಡಿಸೆಂಬರ್ 21ರ ಸುಮಾರಿಗೆ, ನಾವು ಎಳ್ಳು ಬೀರುವುದು ಜನವರಿ 14-15ಕ್ಕೆ. ಇದನ್ನೆಲ್ಲ ಪುಸ್ತಕದಲ್ಲಿ ಓದುವುದು ಬೇರೆ. ಒಂದು ಚಿನ್ನದ ಕೋಲಿನ ತುದಿಯಲ್ಲಿ ಕಣ್ಣಾರೆ ನೋಡುವುದು ಬೇರೆ.

ಇನ್ನೊಂದು ಸಂಗತಿ ಅಪ್ಪನನ್ನು ತುಂಬಾ ಹಿಡಿಯಿತು. ಈ ಗಡಿಯಾರ ಒಂದೇ ಸಮಯ ತೋರಿಸುವುದಿಲ್ಲ. ರೋಮನ್ ಅಂಕಿಗಳಲ್ಲಿ ನಾವೆಲ್ಲ ಬಳಸುವ ಗಂಟೆ, ಆದರೆ ಒಂದು ಸುತ್ತಿಗೆ 24. ಅದರ ಹೊರಗೆ ಹಳೇ ಜೆಕ್ ಸಮಯದ ಬಳೆ. ಅದರಲ್ಲಿ ದಿನ ಶುರುವಾಗುವುದು ಸೂರ್ಯ ಮುಳುಗಿದ ಮೇಲೆ. ಮುಳುಗುವ ಹೊತ್ತು ದಿನದಿನಕ್ಕೆ ಬದಲಾಗುತ್ತದಲ್ಲ, ಅದಕ್ಕೆ ತಕ್ಕ ಹಾಗೆ ಆ ಬಳೆಯೇ ಸರಿದುಕೊಳ್ಳುತ್ತದೆ. ನಾವು ಮಧ್ಯಾಹ್ನ ನೋಡಿದಾಗ ಸೂರ್ಯನ ಕೋಲಿನ ತುದಿಯ ಚಿನ್ನದ ಕೈ ಆ ಬಳೆಯಲ್ಲಿ 15ರ ಹತ್ತಿರ ಇತ್ತು. ಹಿಂದಿನ ಸಂಜೆ ಸೂರ್ಯ ಮುಳುಗಿ ಹದಿನೈದು ಗಂಟೆ ಆಗುತ್ತಾ ಬಂದಿತ್ತು. ಮೂರನೆಯದು, ಹಗಲನ್ನೇ ಹನ್ನೆರಡು ಪಾಲು ಮಾಡುವ ಗಂಟೆ. ಹಗಲು ಉದ್ದವಾದರೆ ಗಂಟೆಯೂ ಉದ್ದ. ಪ್ರಾಗ್‌ನಲ್ಲಿ ಜೂನ್ ತಿಂಗಳ ಹಗಲು 16 ಗಂಟೆಗೂ ಜಾಸ್ತಿ. ಹಾಗಾಗಿ ಆ ಲೆಕ್ಕದ ಒಂದು ಗಂಟೆ 80 ನಿಮಿಷ ದಾಟುತ್ತದೆ. ಡಿಸೆಂಬರ್‌ನಲ್ಲಿ ಸುಮಾರು 40 ನಿಮಿಷ.

‘ರಾಹುಕಾಲನೂ ಹಾಗೇ ಅಲ್ವಾ?’ ಅಂದರು ಅಪ್ಪ. ಹೌದಲ್ಲ. ಹಗಲನ್ನು ಎಂಟು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ನಮ್ಮ ಊರಲ್ಲಿ ಹಗಲು ಹೆಚ್ಚೂಕಡಿಮೆ ಹನ್ನೆರಡು ಗಂಟೆ, ಹಾಗಾಗಿ ಒಂದೂವರೆ ಗಂಟೆ ಅಂತ ಬಾಯಿಪಾಠ ಆಗಿಬಿಟ್ಟಿದೆ. ಮೊಬೈಲಿನಲ್ಲಿ ಸೂರ್ಯೋದಯ ನೋಡಿದೆ, ಐದಕ್ಕೆ ಐದು ನಿಮಿಷ ಇದ್ದಾಗ. ಶನಿವಾರ ಮೂರನೇ ಪಾಲು. ಲೆಕ್ಕ ಹಾಕಿದರೆ ಪ್ರಾಗ್‌ನಲ್ಲಿ ಆ ದಿನದ ರಾಹುಕಾಲ ಒಂಬತ್ತಕ್ಕೇ ಶುರುವಾಗಿ ಹನ್ನೊಂದಕ್ಕೆ ಮುಗಿದಿತ್ತು. ಅರ್ಧ ಗಂಟೆ ಜಾಸ್ತಿ. ಅಪ್ಪನಿಗೆ ಎಷ್ಟು ಸಂತೋಷ ಆಯ್ತು ಅಂದರೆ, ಊರಿನ ಗೆಳೆಯರೊಬ್ಬರಿಗೆ ಅಲ್ಲಿಂದಲೇ ಫೋನ್ ಮಾಡಿ ಹೇಳಿದರು.

ಅಷ್ಟರಲ್ಲಿ ಒಂದು ಗಂಟೆ ಹೊಡೆಯಿತು. ಮತ್ತೆ ಜನ, ಮತ್ತೆ ಮೊಬೈಲ್, ಮತ್ತೆ ಖಾಲಿ.

ಗಡಿಯಾರದ ಒಳಗಿನ ಯಂತ್ರವನ್ನು ನೋಡಬೇಕು ಅಂತ ಅಪ್ಪನಿಗೆ ಆಸೆ. ಗೋಪುರದ ಮೇಲೆ ಲಿಫ್ಟ್‌ನಲ್ಲಿ ಹೋಗಬಹುದು. ಒಳಗಿನ ಪ್ರಾರ್ಥನಾ ಮಂದಿರದಿಂದ ಆ ಗೊಂಬೆಗಳ ಬೆನ್ನೂ ಕಾಣುತ್ತದೆ. ಆದರೆ ಯಂತ್ರದ ಹತ್ತಿರ ಹೋಗುವಂತಿಲ್ಲ. ಹಾಗಾಗಿ ಚೌಕದ ಅಂಚಿನ ಕಲ್ಲುಬೆಂಚಿನ ಮೇಲೆ ಕೂತು, ಪುಳಿಯೋಗರೆ ಡಬ್ಬಿ ಬಿಚ್ಚಿ, ಯಂತ್ರದ ವಿವರಗಳನ್ನು ಓದಿ ಹೇಳುತ್ತಾ ಹೋದೆ. ಒಂದು ಅಚ್ಚಿನ ಮೇಲೆ ಮೂರು ದೊಡ್ಡ ಹಲ್ಲುಚಕ್ರಗಳು. ಒಂದೊಂದರ ಅಗಲವೂ ಒಂದು ಮೀಟರಿಗಿಂತ ಜಾಸ್ತಿ. ಮೂರನ್ನೂ ತಳ್ಳುವ ಸಣ್ಣ ಚಕ್ರಗಳಿಗೆ ತಲಾ 24 ಹಲ್ಲು. ರಾಶಿಯ ಬಳೆ ತಿರುಗಿಸುವ ಚಕ್ರಕ್ಕೆ 365 ಹಲ್ಲು, ಸೂರ್ಯನ ಚಕ್ರಕ್ಕೆ 366, ಚಂದ್ರನ ಚಕ್ರಕ್ಕೆ 379.

ಅಪ್ಪ ತುತ್ತು ಎತ್ತಿದ ಕೈ ಅಲ್ಲೇ ನಿಲ್ಲಿಸಿದರು. ‘ಇನ್ನೊಂದು ಸಲ ಹೇಳು.’

ಹೇಳಿದೆ. ಕೈ ಒರೆಸಿಕೊಂಡು ಜೇಬಿನಿಂದ ಪೆನ್ನು ತೆಗೆದರು. ಕಾಫಿ ಅಂಗಡಿಯ ಬಿಲ್ಲಿನ ಹಿಂದೆ ಬರೆಯತೊಡಗಿದರು. ಆಮೇಲೆ ನನಗೆ ಹೇಳಿದ್ದು ಹೀಗೆ. ಮೂರೂ ಚಕ್ರವನ್ನು ಒಂದೇ ವೇಗದಲ್ಲಿ ತಳ್ಳುತ್ತಾರೆ. ಸೂರ್ಯನ ಚಕ್ರ ಒಂದು ಸುತ್ತು ಮುಗಿಸಲು 366 ಹಲ್ಲು ಹೋಗಬೇಕು. ಅಷ್ಟರಲ್ಲಿ 365 ಹಲ್ಲಿನ ಚಕ್ರ ಒಂದು ಸುತ್ತು ಮುಗಿಸಿ ಇನ್ನೂ ಒಂದು ಹಲ್ಲು ಮುಂದೆ ಹೋಗಿರುತ್ತೆ. ದಿನಕ್ಕೆ ಒಂದು ಹಲ್ಲು. 365 ದಿನ ಆದರೆ 365 ಹಲ್ಲು, ಅಂದರೆ ಸರಿಯಾಗಿ ಒಂದು ಸುತ್ತು ಜಾಸ್ತಿ. ನಕ್ಷತ್ರಗಳು ಆಕಾಶದಲ್ಲಿ ಮಾಡುವುದೂ ಅದನ್ನೇ. ದಿನಾ ಸುಮಾರು ನಾಲ್ಕು ನಿಮಿಷ ಬೇಗ ಹುಟ್ಟುತ್ತಾ ವರ್ಷಕ್ಕೆ ಒಂದು ಸುತ್ತು ಹೆಚ್ಚು ತಿರುಗುತ್ತವೆ. ಚಂದ್ರನ 379 ಹಲ್ಲಿನ ಚಕ್ರ ನಿಧಾನ. ದಿನಕ್ಕೆ ಹದಿಮೂರು ಹಲ್ಲು ಹಿಂದೆ ಬೀಳುತ್ತೆ. ಅಪ್ಪ ಭಾಗಾಕಾರ ಮಾಡಿದರು, 51 ನಿಮಿಷ ಬಂತು. ‘ಚಂದ್ರ ದಿನಾ ಐವತ್ತು ನಿಮಿಷ ತಡ ಅಂತ ನಮ್ಮಜ್ಜಿನೂ ಹೇಳ್ತಿದ್ಲು. ಅದನ್ನ ಹಲ್ಲಿನಲ್ಲಿ ಕೂರಿಸಿಬಿಟ್ಟಿದ್ದಾರಲ್ಲ!’

ಆ ಬಿಲ್ಲು ಈಗಲೂ ನನ್ನ ಹತ್ತಿರ ಇದೆ. ಒಂದು ಕಡೆ ಎರಡು ಕಾಫಿಯ ರೇಟು, ಇನ್ನೊಂದು ಕಡೆ ಅಪ್ಪನ ಕನ್ನಡ ಅಂಕಿಗಳು. ಮೂಲೆಯಲ್ಲಿ ಪುಳಿಯೋಗರೆ ಎಣ್ಣೆಯ ಗುರುತು.

ಮಾಡಿದವರು ಯಾರು ಅಂತ ಕೇಳಿದರು. ಊರಿನವರು ಹೇಳುವ ಹಳೇ ಕಥೆ ಹೇಳಿದೆ. ಹನುಶ್ ಅನ್ನುವ ಕುಶಲಿ ಮಾಡಿದ, ಇಂಥದ್ದು ಇನ್ನೊಂದು ಊರಿಗೆ ಆಗಬಾರದು ಅಂತ ಊರ ಹಿರಿಯರು ಅವನ ಕಣ್ಣು ತೆಗೆಸಿದರು, ಅವನು ಕುರುಡಾಗಿ ಬಂದು ಯಂತ್ರದೊಳಗೆ ಕೈ ಹಾಕಿ ಅದನ್ನು ನಿಲ್ಲಿಸಿಬಿಟ್ಟ ಅಂತ. ಅಪ್ಪ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮೂವತ್ತೈದು ವರ್ಷ ಬಲಗಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡು ಬದುಕಿದವರಿಗೆ ಆ ಕಥೆ ಎಲ್ಲಿ ತಾಗಿತು ಅಂತ ನನಗೆ ಕಂಡಿತು. ಅದು ಕಟ್ಟುಕಥೆ ಅಪ್ಪ, ಅಂತ ಬೇಗ ಬೇಗ ಹೇಳಿದೆ. ಕಾದಾನ್ ಊರಿನ ಮಿಕುಲಾಶ್ ಅನ್ನುವ ಗಡಿಯಾರದವನೂ, ಪ್ರಾಗ್ ವಿಶ್ವವಿದ್ಯಾಲಯದಲ್ಲಿ ಗಣಿತ, ಖಗೋಳ ಹೇಳಿಕೊಡುತ್ತಿದ್ದ ಯಾನ್ ಶಿಂಡೆಲ್ ಅನ್ನುವವರೂ ಸೇರಿ ಮಾಡಿದ್ದು ಅಂತ ಈಗ ಗೊತ್ತಾಗಿದೆ.

‘ಸರಿ. ಲೆಕ್ಕ ಒಬ್ಬರದು, ಕೈ ಒಬ್ಬರದು’ ಅಂದರು. ಕನ್ನಡಕ ಮತ್ತೆ ಹಾಕಿಕೊಂಡರು.

ಆಮೇಲಿನ ಕಥೆಯನ್ನೂ ಓದಿದೆ. ಈ ಗಡಿಯಾರ ಎಷ್ಟೋ ಸಲ ವರ್ಷಗಟ್ಟಲೆ ನಿಂತಿದೆ. 1780ರ ದಶಕದಲ್ಲಿ ಗುಜರಿಗೆ ಹಾಕುವ ಮಾತೂ ಬಂದಿತ್ತು. ಯಾರೋ ಪಟ್ಟು ಹಿಡಿದು ರಿಪೇರಿ ಮಾಡಿಸಿದರು. 1945ರ ಮೇ ತಿಂಗಳಲ್ಲಿ, ಯುದ್ಧ ಇನ್ನೇನು ಮುಗಿಯಿತು ಅನ್ನುವಾಗ, ಜರ್ಮನ್ ಸೈನ್ಯದ ದಾಳಿಗೆ ಪುರಭವನ ಹೊತ್ತಿ ಉರಿಯಿತು. ಮರದ ಗೊಂಬೆಗಳು ಸುಟ್ಟುಹೋದವು. ಮತ್ತೆ ಬಿಡಿಭಾಗಗಳನ್ನು ಕೂಡಿಸಿ 1948ರಲ್ಲಿ ನಡೆಸಿದರು. 2018ರಲ್ಲಿ ಮತ್ತೊಮ್ಮೆ ಪೂರ್ತಿ ಬಿಚ್ಚಿ ಸರ್ವಿಸ್ ಮಾಡಿದರು. ಇದನ್ನು ನೋಡಿಕೊಳ್ಳಲು ಅಂತಲೇ ಒಬ್ಬರು ಇರುತ್ತಾರೆ, ಆ ಕೆಲಸಕ್ಕೆ ಅವರ ಭಾಷೆಯಲ್ಲಿ ಒಂದು ಹೆಸರೇ ಇದೆ.

ಅಪ್ಪ ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಅಂಗಡಿಯ ಮಾತು ತಾವಾಗಿ ತೆಗೆದರು. ಬಾಗಿಲು ಹಾಕಿದ ದಿನ ಗಾಜಿನ ಪೆಟ್ಟಿಗೆಯಲ್ಲಿ ಇನ್ನೂ ಹನ್ನೊಂದು ವಾಚು ಉಳಿದಿದ್ದವಂತೆ. ರಿಪೇರಿ ಮುಗಿದಿತ್ತು, ಒಯ್ಯಲು ಯಾರೂ ಬರಲಿಲ್ಲ. ಅವನ್ನೆಲ್ಲ ಚೀಟಿ ಸಮೇತ ಮನೆಗೆ ತಂದು ಬೀರುವಿನಲ್ಲಿ ಇಟ್ಟಿದ್ದಾರೆ. ಅಮ್ಮನಿಗೆ ಗೊತ್ತು, ನನಗೆ ಗೊತ್ತಿರಲಿಲ್ಲ. ‘ತಿಂಗಳಿಗೆ ಒಂದು ಸಲ ಚಾವಿ ಕೊಡ್ತೀನಿ. ಸುಮ್ನೆ ಬಿಟ್ಟರೆ ಒಳಗಿನ ಎಣ್ಣೆ ಗಟ್ಟಿಯಾಗುತ್ತೆ. ಯಾರಾದ್ರೂ ಬಂದು ಕೇಳಿದ್ರೆ ನಡೀತಿರೋ ವಾಚು ಕೊಡಬೇಕಲ್ಲ.’

ನಾನು ಆ ಹೊತ್ತಿಗೆ ಏನು ಹೇಳಬೇಕಿತ್ತೋ ಗೊತ್ತಿಲ್ಲ. ಡಬ್ಬಿಯಲ್ಲಿ ಉಳಿದಿದ್ದನ್ನು ಅವರ ಕಡೆ ಸರಿಸಿದೆ.

ಎದುರಿಗಿದ್ದ ಟೀನ್ ಚರ್ಚಿನೊಳಗೆ ಟೈಕೋ ಬ್ರಾಹೆಯ ಸಮಾಧಿ ಇದೆ. ದೂರದರ್ಶಕ ಬರುವ ಮೊದಲು ಬರಿಗಣ್ಣಿನಲ್ಲಿ ಗ್ರಹಗಳನ್ನು ಅಳೆದಿಟ್ಟವನು. ಅವನ ಅಳತೆಗಳನ್ನು ಹಿಡಿದು ಇದೇ ಊರಲ್ಲಿ ಕೂತು ಕೆಪ್ಲರ್ ಮಂಗಳನ ದಾರಿ ಕಂಡುಹಿಡಿದ. ಚೌಕದ ನೆಲದಲ್ಲಿ ಹಿತ್ತಾಳೆಯ ಒಂದು ಪಟ್ಟಿ ಇದೆ. ಹಿಂದಿನ ಕಾಲದಲ್ಲಿ ಚೌಕದ ಕಂಬದ ನೆರಳು ಆ ಪಟ್ಟಿಯ ಮೇಲೆ ಬಿದ್ದರೆ ಊರಿಗೆ ನಡುಮಧ್ಯಾಹ್ನ. ಅಪ್ಪ ಅದರ ಮೇಲೆ ಎರಡೂ ಕಾಲಿಟ್ಟು ನಿಂತು ಫೋಟೋ ತೆಗೆಸಿಕೊಂಡರು. ಆ ಪ್ರವಾಸದಲ್ಲಿ ಅವರು ಕೇಳಿ ತೆಗೆಸಿಕೊಂಡ ಫೋಟೋ ಅದೊಂದೇ.

ಸಂಜೆ ಎಲ್ಲರೂ ಸೇರಿ ಸೇತುವೆಗೆ ಹೋದೆವು. ಅರ್ಧ ಕಿಲೋಮೀಟರ್ ಉದ್ದ, ಹದಿನಾರು ಕಮಾನು, ಮೂವತ್ತು ವಿಗ್ರಹಗಳು. 1357ರಲ್ಲಿ ಅಡಿಗಲ್ಲು ಹಾಕಿದ್ದು. ಅಮ್ಮನಿಗೆ ವ್ಲ್ಟಾವಾ ನದಿ ಹಿಡಿಸಿತು. ಇಷ್ಟು ನೀರಿದ್ದರೂ ಯಾರೂ ಕಾಲು ತೊಳೆಯಲ್ಲವಲ್ಲ ಅಂದರು. ಸೇತುವೆಯ ಮೇಲಿಂದ ಆಚೆ ದಡದ ಕೋಟೆ ಕಂಡಿತು. ಅಲ್ಲಿಗೆ ಹೋಗುವಷ್ಟು ಹೊತ್ತು ಉಳಿದಿರಲಿಲ್ಲ.

ಏಳೂಮುಕ್ಕಾಲಿಗೆ ಕಾರು ತೆಗೆದೆವು. ಪಶ್ಚಿಮಕ್ಕೆ ಹೋಗುವ ದಾರಿ, ಸೂರ್ಯ ಕಣ್ಣಿಗೇ ಹೊಡೆಯುತ್ತಿದ್ದ. ಪಿಲ್ಸೆನ್ ದಾಟಿತು. ಹಿಂದಿನ ಸೀಟಿನಲ್ಲಿ ಮೂವರೂ ನಿದ್ದೆ ಹೋದರು. ಗಡಿ ಹತ್ತಿರ ಬರುವಾಗ ಒಂಬತ್ತೂಕಾಲು. ಕಾಡಿನ ಹಿಂದೆ ಸೂರ್ಯ ಇಳಿದ. ಅಪ್ಪ ಕೈಯೆತ್ತಿ ತೋರಿಸಿದರು.

‘ಇಪ್ಪತ್ನಾಲ್ಕು ಆಯ್ತು ನೋಡು. ಅವರಿಗೆ ನಾಳೆ ಶುರುವಾಯ್ತು.’

ಹೋಗುವಾಗ ಯಾರೂ ತಡೆಯದ ಗಡಿಯಲ್ಲಿ ಬರುವಾಗ ಜರ್ಮನ್ ಪೊಲೀಸರು ನಿಲ್ಲಿಸಿದರು. 2023ರ ಅಕ್ಟೋಬರ್‌ನಿಂದ ಈ ತಪಾಸಣೆ ಮತ್ತೆ ಶುರುವಾಗಿದೆ. ಟಾರ್ಚ್ ಬೆಳಕಿನಲ್ಲಿ ಪಾಸ್‌ಪೋರ್ಟ್, ವೀಸಾ ನೋಡಿ, ಮಲಗಿದ್ದ ಮಗನ ಮುಖ ನೋಡಿ, ಹೋಗಿ ಅಂದರು. ಮತ್ತೆ ಕತ್ತಲೆ, ಮತ್ತೆ ರಸ್ತೆ. ಅಪ್ಪ ತಮ್ಮ ಕೈಯ ಎಚ್‌ಎಂಟಿ ಬಿಚ್ಚಿ ಚಾವಿ ಕೊಟ್ಟು, ಕಿವಿಗೆ ಹಿಡಿದು ಕೇಳಿ, ಕಟ್ಟಿಕೊಂಡರು. ಆಮೇಲೆ ಸೀಟಿಗೆ ಒರಗಿದರು. ನಿದ್ದೆ ಬಂತೇನೋ ಅಂದುಕೊಂಡು ರೇಡಿಯೋ ಆರಿಸಿದೆ.

ನ್ಯೂರೆಂಬರ್ಗ್‌ಗೆ ಇನ್ನು ನಲವತ್ತು ಕಿಲೋಮೀಟರ್ ಅನ್ನುವಾಗ ಕಣ್ಣು ಮುಚ್ಚಿಕೊಂಡೇ ಕೇಳಿದರು.

‘ಪುಟ್ಟಿ, ಅದಕ್ಕೆ ಯಾವ ಎಣ್ಣೆ ಹಾಕ್ತಾರೆ ಅಂತ ಎಲ್ಲಾದ್ರೂ ಬರೆದಿದೆಯಾ?’